ಮೂಗು ಮುಗಿಯದ ವೀರ

ಮನುಷ್ಯ ತನ್ನ ಚಟಗಳನ್ನು ಒಪ್ಪಿಕೊಳ್ಳುವಾಗಲೂ ಮರ್ಯಾದೆ ನೋಡಿಕೊಂಡೇ ಒಪ್ಪಿಕೊಳ್ಳುತ್ತಾನೆ. ಎಲೆ ಅಡಿಕೆ ಹಾಕುತ್ತೇನೆ ಎಂದು ನಾಲ್ಕು ಜನರ ಮುಂದೆ ಧೈರ್ಯವಾಗಿ ಹೇಳಬಹುದು. ಇಸ್ಪೀಟು ಆಡುತ್ತೇನೆ ಎಂದರೂ ಒಬ್ಬಿಬ್ಬರು ಹತ್ತಿರ ಸರಿದು ಕೂರುತ್ತಾರೆ. ಆದರೆ ನಲವತ್ತಾರು ವರ್ಷದ, ತಲೆ ಅರ್ಧ ನರೆತ, ಶಿವಾರಪಟ್ಟಣದಲ್ಲಿ ದೇವರ ವಿಗ್ರಹ ಕೆತ್ತುವ ಕಸುಬಿನವನೊಬ್ಬ ‘ನಾನು ವಿಡಿಯೋ ಗೇಮ್ ಆಡುತ್ತೇನೆ’ ಎಂದರೆ, ಕೇಳಿದವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ತಾವು ಮಾಡಲು ಹೇಳಿದ ವಿಗ್ರಹದ ಕಡೆ ಗಾಬರಿಯಿಂದ ತಿರುಗುತ್ತಾರೆ. ಅದಕ್ಕೇ ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಈಗ ಬಿಡುತ್ತಿದ್ದೇನೆ, ಏಕೆಂದರೆ ಮನೆಯೊಳಗೆ ನನಗೆ ನ್ಯಾಯ ಸಿಗುವ ಲಕ್ಷಣ ಕಾಣುತ್ತಿಲ್ಲ.

ಇದಕ್ಕೆಲ್ಲ ಮೂಲ ನನ್ನ ಬಾಮೈದ ಮಂಜುನಾಥ. ಮಾಲೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವ ಅವನಿಗೆ ಮದುವೆಯಾಯಿತು. ಹೊಸ ಹೆಂಡತಿ ಮನೆಗೆ ಬಂದ ವಾರಕ್ಕೇ ‘ಈ ಮನೆಯಲ್ಲಿ ಒಂದೋ ನಾನಿರಬೇಕು, ಇಲ್ಲಾ ಅದಿರಬೇಕು’ ಎಂದಳಂತೆ. ಮಾರನೇ ದಿನವೇ ಅವನು ಆಟದ ಯಂತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಂದು, ಎರಡು ಡಿಸ್ಕಿನ ಸಮೇತ ನಮ್ಮ ಟಿವಿಯ ಪಕ್ಕ ಇಟ್ಟು, ಒಂದು ಲೋಟ ಕಾಫಿ ಕುಡಿದು ಹೋದ. ಎರಡೂ ಆಟಗಳು ಒಂದೇ ಜಾತಿಯವು. ಆಡುವವರು ಒಬ್ಬ ವೀರನ ಪಾತ್ರ ಹೊತ್ತು, ಊರೂರು ತಿರುಗಿ, ಬಲ ಗಳಿಸಿ, ಕೊನೆಗೊಬ್ಬ ದುಷ್ಟನನ್ನು ಮುಗಿಸಬೇಕು. ಆದರೆ ಒಂದು ಜಪಾನಿನಲ್ಲಿ ಮಾಡಿದ್ದು, ಇನ್ನೊಂದು ಪಶ್ಚಿಮದ ಕಡೆಯದು. ನನ್ನ ಹೆಂಡತಿ ರತ್ನ ಜಪಾನಿನದನ್ನು ಹಿಡಿದಳು, ನಾನು ಪಶ್ಚಿಮದ್ದನ್ನು ಹಿಡಿದೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಉಪ್ಪು ಖಾರದ ಬಗ್ಗೆ ಕೂಡ ಜಗಳವಾಡದ ನಾವು ಅಂದಿನಿಂದ ಎರಡು ಪಕ್ಷವಾದೆವು.

ರತ್ನಳ ಆಟದ ನಾಯಕ ಕಳೆದುಹೋದ ಅಕ್ಕನನ್ನು ಹುಡುಕಿ ಹೊರಟ ಹದಿನಾರರ ಹುಡುಗ. ಕೂದಲು ಕತ್ತಾಳೆ ಪಟ್ಟೆಯ ಹಾಗೆ ಮೇಲಕ್ಕೆ ನಿಂತಿದೆ. ಕೈಯಲ್ಲಿ ಅವನಿಗಿಂತ ಉದ್ದದ ಕತ್ತಿ. ಕಣ್ಣುಗಳೋ, ಅರ್ಧ ಮುಖ ಅವೇ. ಮೂಗಿಗೆ ಜಾಗ ಸಾಲದೆ ಒಂದು ಚುಕ್ಕಿ ಇಟ್ಟು ಸುಮ್ಮನಾಗಿದ್ದಾರೆ. ನಮ್ಮ ಕಸುಬಿನಲ್ಲಿ ಮುಖವೆಂದರೆ ಮೂರು ಸಮಭಾಗ: ಕೂದಲಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತುದಿ, ಅಲ್ಲಿಂದ ಗದ್ದ. ಇವನು ಯಾವ ಅಳತೆಗೂ ಸಿಗುವವನಲ್ಲ. ಅದೂ ಹೋಗಲಿ, ಅವನನ್ನು ಬದಲಿಸುವಂತಿಲ್ಲ. ಅವರು ಹೇಗೆ ಮಾಡಿ ಕೊಟ್ಟರೋ ಹಾಗೇ ಒಪ್ಪಿಕೊಂಡು, ಅವರು ಹಾಕಿದ ದಾರಿಯಲ್ಲೇ ನಡೆದು, ಅವರು ಅಳು ಎಂದಾಗ ಅಳಬೇಕು. ಹೊಡೆದಾಟ ಕೂಡ ಸರದಿ ಪ್ರಕಾರ. ಇವನು ಒಂದು ಏಟು ಹೊಡೆದು ಹಿಂದೆ ಸರಿದು ನಿಲ್ಲುತ್ತಾನೆ, ರಾಕ್ಷಸ ಒಂದು ಹೊಡೆದು ಹಿಂದೆ ಸರಿದು ನಿಲ್ಲುತ್ತಾನೆ.

‘ಇದೇನೇ ರತ್ನ, ರೇಷನ್ ಅಂಗಡೀಲಿ ನಿಂತಂಗೆ ನಿಂತವರಲ್ಲೇ’ ಎಂದು ನಾನು ನಕ್ಕೆ. ಹುತ್ತೂರಿನಲ್ಲಿ ರೇಷ್ಮೆ ಹುಳುಗಳ ನಡುವೆಯೇ ಬೆಳೆದವಳು ರತ್ನ. ಇಲ್ಲಿಗೆ ಬಂದ ಮೇಲೂ ಮನೆಯ ಹಿಂದೆ ಹಿಪ್ಪುನೇರಳೆ ಹಾಕಿಸಿ, ಒಂದು ಹುಳುಮನೆ ಕಟ್ಟಿಸಿ, ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುತ್ತಾಳೆ. ಅವಳು ಕೈಯ ಸೊಪ್ಪು ಕೊಡವಿಕೊಂಡು ಹೇಳಿದಳು: ‘ನಾನು ಹುಳಕ್ಕೆ ಸೊಪ್ಪು ಹಾಕಿ, ಹಾಲು ಉಕ್ಕದಂಗೆ ನೋಡ್ಕೊಂಡು, ನಿಮ್ಮ ಕಾಫಿ ಲೋಟ ತೊಳೆದು ಬರೋವರೆಗೂ ಆ ರಾಕ್ಷಸ ನಿಂತ ಜಾಗ ಬಿಟ್ಟು ಕದಲಲ್ಲ ಕಣ್ರೀ. ಈ ಮನೇಲಿ ನನಗೋಸ್ಕರ ಕಾಯೋನು ಅವನೊಬ್ಬನೇ. ನಿಮ್ಮ ಆಟದಲ್ಲಿ ಒಂದು ನಿಮಿಷ ಎದ್ದು ಹೋದ್ರೆ ನಾಯಿನೂ ಬಂದು ಕಚ್ತದೆ.’ ನಾನು ಕೂಡಲೇ ದನಿ ಏರಿಸಿ ಬೇರೆ ವಿಷಯ ಎತ್ತಿದೆ.

ನನ್ನ ಆಟದ ಹೆಚ್ಚುಗಾರಿಕೆ ಸ್ವಾತಂತ್ರ್ಯ. ಅಲ್ಲಿ ಒಂದು ಇಡೀ ರಾಜ್ಯವನ್ನೇ ಮುಂದೆ ಹರಡಿ, ಎಲ್ಲಿಗೆ ಬೇಕಾದರೂ ಹೋಗು, ಏನು ಬೇಕಾದರೂ ಆಗು, ಕಳ್ಳನಾಗು, ದೊರೆಯಾಗು ಎನ್ನುತ್ತಾರೆ. ಎಲ್ಲಕ್ಕಿಂತ ಮೊದಲು ನಿನ್ನ ವೀರನನ್ನು ನೀನೇ ಮಾಡಿಕೋ ಎನ್ನುತ್ತಾರೆ. ಪರದೆಯ ಮೇಲೆ ಒಂದು ಹಸಿ ಮುಖ, ಪಕ್ಕದಲ್ಲಿ ಮೂಗಿಗೊಂದು ಗೀಟು, ಗದ್ದಕ್ಕೊಂದು ಗೀಟು, ಕೆನ್ನೆ, ಹುಬ್ಬು, ಕಿವಿಯ ಹಾಲೆ, ಎಲ್ಲಕ್ಕೂ ಒಂದೊಂದು. ಗೀಟಿನ ಮೇಲಿನ ಗುಂಡಿ ಸರಿಸಿದರೆ ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಮೂರು ತಲೆಮಾರಿನಿಂದ ಕಲ್ಲಿನಲ್ಲಿ ಮುಖ ಬಿಡಿಸಿದ ಮನೆಯವನಿಗೆ ಇದನ್ನು ತೋರಿಸಿದರೆ ಏನಾಗುತ್ತದೆ ಎಂದು ಆ ಆಟ ಮಾಡಿದವರು ಯೋಚಿಸಿರಲಿಕ್ಕಿಲ್ಲ. ಕಲ್ಲಿನಲ್ಲಿ ಒಂದು ಸಲ ಮೂಗು ಹಾರಿದರೆ ಹಾರಿತು, ಅಪ್ಪನ ಕೈಯಲ್ಲಿ ಅದಕ್ಕೆ ತಿಂದ ಏಟು ಇನ್ನೂ ನೆನಪಿದೆ. ಇಲ್ಲಿ ಹಾರಿದ ಮೂಗು ವಾಪಸು ಬರುತ್ತದೆ. ಮೊದಲ ವಾರ ನನಗೆ ಊಟ ಸೇರಲಿಲ್ಲ. ಉಳಿ ಸುತ್ತಿಗೆ ಕೆಳಗಿಟ್ಟು, ಸಂಜೆಯ ನನ್ನ ಪಾಳಿ ಬಂದ ಕೂಡಲೇ ಕೈವಾರ ಹಿಡಿದು ಟಿವಿಯ ಮುಂದೆ ಕೂತು ಹಣೆ ಅಳೆಯುತ್ತಿದ್ದೆ.

ಹತ್ತನೇ ದಿನ ರತ್ನ ಬಂದು ನಿಂತಳು. ಅವಳ ಕತ್ತಾಳೆ ಹುಡುಗ ಆಗಲೇ ಸಮುದ್ರ ದಾಟಿ ಅರ್ಧ ಕಥೆ ಮುಗಿಸಿದ್ದ. ‘ಏನ್ರೀ, ನಿಮ್ಮೋನು ಹುಟ್ಟಿದ್ನಾ?’ ಎಂದಳು. ಮಾತಿಗೆ ಮಾತು ಬೆಳೆದು ಪಂದ್ಯ ಕಟ್ಟಿದ್ದು ಆಗಲೇ. ಹುಳುಮನೆಗೆ ಅವತ್ತು ಬೆಳಿಗ್ಗೆ ತಾನೇ ಹೊಸ ಬೆಳೆಯ ಮರಿಗಳು ಬಂದಿದ್ದವು. ಆ ಹುಳುಗಳು ಬೆಳೆದು, ಗೂಡು ಕಟ್ಟಿ, ಗೂಡು ಬಿಡಿಸುವ ದಿನದೊಳಗೆ ಯಾರು ತಮ್ಮ ಆಟ ಮುಗಿಸುತ್ತಾರೋ ಅವರು ಗೆದ್ದಂತೆ. ಸೋತವರು ತಮ್ಮ ಡಿಸ್ಕ್ ಮುಟ್ಟುವಂತಿಲ್ಲ, ಗೆದ್ದವರ ಆಟವನ್ನು ಮೊದಲಿನಿಂದ ಕೊನೆಯವರೆಗೆ ಆಡಬೇಕು, ಆಡುವಾಗ ಗೊಣಗಬಾರದು. ಅವಳು ಅರ್ಧ ದಾರಿಯಲ್ಲಿದ್ದಳು, ನಾನು ಮೂಗಿನಲ್ಲಿದ್ದೆ. ಆದರೂ ಒಪ್ಪಿಕೊಂಡೆ. ಪ್ರಾಣ ಹೋದರೂ ಆ ಚುಕ್ಕಿ ಮೂಗಿನವನನ್ನು ನಾನು ಆಡಿಸುವುದಿಲ್ಲ ಎಂಬ ಹಠ ನನಗೆ ಬಂದುಬಿಟ್ಟಿತ್ತು.

ಹಠಕ್ಕೆ ಬಿದ್ದು ಮೂರೇ ದಿನದಲ್ಲಿ ಮುಖ ಮುಗಿಸಿದೆ. ನನ್ನ ಮಾತಲ್ಲ, ಯಾರು ನೋಡಿದರೂ ಕೈ ಮುಗಿಯಬೇಕು ಅಂಥ ಮುಖ. ಆದರೆ ಅಲ್ಲೊಂದು ಎಡವಟ್ಟಾಯಿತು. ನಮ್ಮಲ್ಲಿ ವಿಗ್ರಹದ ಕಣ್ಣನ್ನು ಕೆತ್ತನೆಯ ಕೊಟ್ಟಿಗೆಯಲ್ಲಿ ತೆರೆಸುವುದಿಲ್ಲ. ವಿಗ್ರಹ ಹೋಗಿ ಗುಡಿಯಲ್ಲಿ ಕೂತ ಮೇಲೆ, ಪ್ರತಿಷ್ಠೆಯ ದಿನ, ನಾವೇ ಅಲ್ಲಿಗೆ ಹೋಗಿ ಕಣ್ಣು ತೆರೆಸಿ ಬರುತ್ತೇವೆ. ಕೈಗೆ ಅದೇ ಅಭ್ಯಾಸ. ಕಣ್ಣಿನ ಗುಂಡಿಯನ್ನು ತುದಿಗೆ ತಳ್ಳಿ ಮುಚ್ಚಿಟ್ಟು, ಇದು ಆಮೇಲೆ ಎಂದು ಮುಂದಕ್ಕೆ ಹೋದೆ. ಆಟ ಇಂಗ್ಲಿಷಿನಲ್ಲಿ, ಇನ್ನು ಬದಲಿಸಲು ಬರುವುದಿಲ್ಲ, ಖಂಡಿತವೇ ಎಂದು ಕೇಳಿತು. ಖಂಡಿತ ಎಂದು ಒತ್ತಿದೆ. ನನ್ನ ವೀರ ಬೆಟ್ಟದ ಮೇಲೆ ಪ್ರತ್ಯಕ್ಷನಾದ, ಸೂರ್ಯ ಹುಟ್ಟಿದ, ಹಕ್ಕಿಗಳು ಕೂಗಿದವು, ಎಲ್ಲೂ ಯಾರೂ ಕಣ್ಣು ತೆರೆಸಲು ಕರೆಯಲಿಲ್ಲ. ಅವನು ಎರಡೂ ರೆಪ್ಪೆ ಮುಚ್ಚಿಕೊಂಡೇ ಇಳಿಜಾರಿನಲ್ಲಿ ನಡೆದ. ‘ಯಾಕ್ರೀ, ನಿದ್ದೇಲೇ ಯುದ್ಧಕ್ಕೆ ಹೊರಟವನೆ?’ ಎಂದು ರತ್ನ ಕೇಳಿದಳು. ನಾನು ಯಂತ್ರ ಆರಿಸಿ, ಮಾರನೇ ದಿನ ಹಸಿ ಮುಖದಿಂದ ಮತ್ತೆ ಶುರು ಮಾಡಿದೆ.

ಈ ನಡುವೆ ದೇವರಾಯಸಮುದ್ರದ ಯರ್ರಪ್ಪನವರು ಬಂದರು. ತಮ್ಮೂರ ಕೆರೆ ಏರಿಯ ಗುಡಿಗೆಂದು ನನ್ನಿಂದ ಆಂಜನೇಯನನ್ನು ಮಾಡಿಸುತ್ತಿರುವ ಹಿರಿಯರು. ವಿಗ್ರಹ ಎಲ್ಲಿಗೆ ಬಂತೆಂದು ನೋಡಲು ಬಂದವರು ಕಾಫಿಗೆಂದು ಒಳಗೆ ಕೂತು, ರತ್ನಳ ಆಟ ಕಂಡು ಅಲ್ಲೇ ಅಂಟಿಕೊಂಡರು. ಸ್ವಲ್ಪ ಹೊತ್ತಿಗೆ ಮುಂದಕ್ಕೆ ಬಾಗಿ, ತಮ್ಮ ತೆಲುಗು ಬೆರೆತ ಕನ್ನಡದಲ್ಲಿ, ‘ಆ ಎಡಗಡೆ ಇರೋನ್ನ ಮೊದ್ಲು ಏಟು ಹಾಕಿ ವೇಸೆಯ್ಯಮ್ಮಾ, ವಾಡೇ ಮಿಕ್ಕೋರಿಗೆಲ್ಲ ಔಷಧಿ ಹಾಕ್ತಾವ್ನೆ’ ಎಂದು ಸಲಹೆ ಕೊಡತೊಡಗಿದರು. ನನಗೆ ಹೊಟ್ಟೆ ಉರಿಯಿತು. ನನ್ನ ಪಾಳಿ ಬಂದ ಕೂಡಲೇ, ಇರಿ ಯಜಮಾನರೇ, ನಿಜವಾದ ಆಟ ತೋರಿಸ್ತೀನಿ ಎಂದು ನನ್ನ ಡಿಸ್ಕ್ ಹಾಕಿದೆ. ಅವರು ಹದಿನೈದು ನಿಮಿಷ ಮೂಗು ನೋಡಿದರು. ಮೂಗು ಒಂದು ಕೂದಲೆಳೆ ಇಳಿಯಿತು, ಮತ್ತೆ ಏರಿತು. ‘ಎಪ್ಪುಡು ಶುರುವಾಗ್ತದಯ್ಯಾ ಇದು?’ ಎಂದರು. ಶುರುವಾಗಿದೆ, ಇದೇ ಆಟ ಎಂದೆ. ಅವರು ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ‘ನಮ್ಮ ಸ್ವಾಮೀನೂ ಹಿಂಗೇ ಮಾಡ್ತಾ ಇದ್ದೀಯಾ?’ ಎಂದು ಕೇಳಿ ಹೋದರು. ಮುಂದಿನ ವಾರ ಕಡಲೆಕಾಯಿ ತೆಗೆದುಕೊಂಡು ಮತ್ತೆ ಬಂದರು. ಆಂಜನೇಯನ ವಿಚಾರ ಎತ್ತಲೇ ಇಲ್ಲ. ಆ ಹುಡುಗನಿಗೆ ಅಕ್ಕ ಸಿಕ್ಕಳೋ ಇಲ್ಲವೋ ಎಂದು ರತ್ನಳನ್ನು ಕೇಳಿದರು.

ಎರಡನೇ ಸಲದ ಮುಖ ಮೊದಲನೆಯದಕ್ಕಿಂತ ಚೆನ್ನಾಗಿ ಬಂತು. ಕಣ್ಣನ್ನೂ ತೆರೆಸಿದೆ. ವೀರನನ್ನು ಬೆಟ್ಟದಿಂದ ಇಳಿಸಿ ಮೊದಲ ಹಳ್ಳಿಗೆ ಕರೆದೊಯ್ದರೆ ಅಲ್ಲೊಬ್ಬ ಮುದುಕ ಪ್ರೀತಿಯಿಂದ ಒಂದು ಕಬ್ಬಿಣದ ಶಿರಸ್ತ್ರಾಣ ಕೊಟ್ಟ. ಹಾಕಿದೆ. ಹಣೆ, ಹುಬ್ಬು, ಮೂಗು, ಗದ್ದ, ನನ್ನ ಇಷ್ಟು ದಿನದ ಕೆಲಸವೆಲ್ಲ ಆ ಬೋಗುಣಿಯೊಳಗೆ ಮಾಯವಾಯಿತು. ಉಸಿರಾಡಲು ಎರಡು ತೂತು ಬಿಟ್ಟರೆ ಏನೂ ಕಾಣದು. ಕಿತ್ತು ಬಿಸಾಡಿದೆ. ಬರಿತಲೆಯಲ್ಲಿ ಕಾಡಿಗೆ ಹೋದವನನ್ನು ತೋಳ ಕಚ್ಚಿ ಕೊಂದಿತು. ಮತ್ತೆ ಹೋದೆ, ಮತ್ತೆ ಕೊಂದಿತು. ಒಂಬತ್ತು ಸಲ ಸತ್ತೆ, ಹೆಲ್ಮೆಟ್ ಮಾತ್ರ ಹಾಕಲಿಲ್ಲ. ‘ಮಾಲೂರು ರೋಡಲ್ಲೂ ಹಾಕಲ್ಲ, ಇಲ್ಲೂ ಹಾಕಲ್ಲ, ಎಲ್ಲಿ ತಾನೇ ಹಾಕ್ತೀರಿ ನೀವು?’ ಎಂದಳು ರತ್ನ. ಕೊನೆಗೆ ತೋಳವಿಲ್ಲದ ದಾರಿ ಹುಡುಕಿ ಹಾಳುಬಿದ್ದ ಒಂದು ಗುಡಿ ಸೇರಿದೆ. ಅಲ್ಲಿನ ಕಂಬಗಳಲ್ಲಿ ಶಿಲ್ಪಗಳಿದ್ದವು. ಒಂದೊಂದನ್ನೇ ಸುತ್ತು ಹಾಕಿ ನೋಡಿದೆ. ಎಲ್ಲ ಒಂದೇ ಅಚ್ಚು, ಬಲಗೈ ಬೆರಳು ಎಲ್ಲದರಲ್ಲೂ ಒಂದೇ ಕಡೆ ಮುರಿದಿದೆ. ಆ ಮೋಸ ಬೇರೆ ಗುಡಿಗಳಲ್ಲೂ ಇದೆಯೇ ಎಂದು ಪರೀಕ್ಷಿಸುತ್ತಾ ನಾಲ್ಕು ಸಂಜೆ ಕಳೆದೆ. ರಾಜ್ಯ ಅಪಾಯದಲ್ಲಿದೆ, ಬೇಗ ಅರಮನೆಗೆ ಬಾ ಎಂದು ರಾಣಿ ಹೇಳಿಕಳಿಸಿದ್ದಳು. ಹೋಗುವುದಕ್ಕೆ ಪುರುಸೊತ್ತಾಗಲಿಲ್ಲ.

ಅಷ್ಟರಲ್ಲಿ ಹುಳುಗಳು ಪೊರೆ ಬಿಡುವ ನಾಲ್ಕು ಜ್ವರ ಮುಗಿಸಿ, ಹಣ್ಣಾಗಿ, ಬಿದಿರಿನ ಚಂದ್ರಿಕೆ ತಟ್ಟೆ ಏರಿ, ಗೂಡು ಕಟ್ಟಿದವು. ಬೆಳಗಾದರೆ ಗೂಡು ಬಿಡಿಸುವುದು ಎನ್ನುವ ದಿನ ಸಂಜೆ ರತ್ನ ಹೊರಗೆ ಬಂದು, ‘ಉಳಿ ಇಟ್ಟು ಒಳಗೆ ಬನ್ನಿ, ಒಬ್ಬಳೇ ನೋಡಕ್ಕೆ ಆಗ್ತಾ ಇಲ್ಲ’ ಎಂದಳು. ಅವಳ ದನಿ ಒಂದು ಥರಾ ಇತ್ತು. ಅಣಕಿಸಬೇಕೆಂದೇ ಹೋಗಿ ಪಕ್ಕದಲ್ಲಿ ಕೂತೆ. ದುಷ್ಟ ಸತ್ತ. ಹುಡುಗ ಕತ್ತಿ ಬಿಟ್ಟು ತನ್ನ ಊರಿಗೆ ಹೊರಟ. ಕಥೆಯುದ್ದಕ್ಕೂ ಅವನು ಹುಡುಕುತ್ತಿದ್ದ ಅಕ್ಕ ಮನೆಯ ಬಾಗಿಲಲ್ಲೇ ಕೂತು ಕಾಳು ಆರಿಸುತ್ತಿದ್ದಳು, ಆದರೆ ಅವಳಿಗೆ ತಮ್ಮನ ನೆನಪೇ ಉಳಿದಿರಲಿಲ್ಲ. ತಲೆ ಎತ್ತಿ, ಯಾರಪ್ಪಾ ನೀನು, ಬಿಸಿಲಲ್ಲಿ ಬಂದಿದ್ದೀಯ, ಊಟ ಆಯಿತಾ ಎಂದು ಕೇಳಿದಳು. ಅವನು ‘ಇಲ್ಲ’ ಎಂದು ಅಷ್ಟೇ ಹೇಳಿ ಅವಳ ಪಕ್ಕ ಕೂತ. ನನಗೆ ಅಳು ಬಂತು, ಅತ್ತೆ. ರತ್ನ ತನ್ನ ಸೆರಗಿನ ಒಂದು ತುದಿ ನನಗೆ ಕೊಟ್ಟು ಇನ್ನೊಂದು ತುದಿ ತಾನು ಹಿಡಿದುಕೊಂಡಳು. ಆ ಹುಡುಗನ ಕಣ್ಣು ಅಳತೆ ಮೀರಿದೆ ಎಂದು ಆಗ ನನಗೆ ಒಂದು ಸಲವೂ ಅನ್ನಿಸಲಿಲ್ಲ.

ಮಾತು ಕೊಟ್ಟ ಮೇಲೆ ಮುಗಿಯಿತು. ಗೂಡು ಬಿಡಿಸಿದ ಮಾರನೇ ದಿನವೇ ಸ್ನಾನ ಮಾಡಿ ಅವಳ ಡಿಸ್ಕ್ ಹಾಕಿಕೊಂಡು ಕೂತೆ. ಗೊಣಗಲಿಲ್ಲ. ಎಷ್ಟು ಬೇಗ ಮುಗಿಸುತ್ತೇನೆ ನೋಡುತ್ತಿರು ಎಂದು ಸವಾಲು ಬೇರೆ ಹಾಕಿದೆ, ಏಕೆಂದರೆ ಈ ಆಟದಲ್ಲಿ ನಾವು ಆರಿಸುವಂಥದ್ದು ಏನೂ ಇಲ್ಲವಲ್ಲ. ಒಂದೇ ಒಂದು ಇದೆಯೆಂದು ಆಮೇಲೆ ಗೊತ್ತಾಯಿತು. ಮಗು ಹುಟ್ಟುವುದನ್ನು ತೋರಿಸಿ, ವೀರನಿಗೆ ಹೆಸರಿಡಿ ಎನ್ನುತ್ತದೆ. ಎಂಟು ಇಂಗ್ಲಿಷ್ ಅಕ್ಷರ, ಅಷ್ಟರೊಳಗೆ ಮುಗಿಯಬೇಕು. ನಮ್ಮ ತಾತನ ಹೆಸರು ವೀರಭದ್ರಾಚಾರಿ, ಎಂಟರೊಳಗೆ ಹಿಡಿಯಲಿಲ್ಲ. ಹಿಡಿಯುವ ಹೆಸರುಗಳಿಗೆ ಗಾಂಭೀರ್ಯವಿಲ್ಲ. ಹುಟ್ಟಿದಾಗ ಆಕಾಶದಲ್ಲಿ ಹುಣ್ಣಿಮೆ, ಅಂಗಳದ ಮರದ ತುಂಬ ಹೂವು. ಹಾಗಾದರೆ ಚೈತ್ರ, ಚಿತ್ತಾ ನಕ್ಷತ್ರ ಎಂದು ಪಂಚಾಂಗ ತೆಗೆದೆ. ಆದರೆ ಜಪಾನಿನಲ್ಲಿ ಮರ ಹೂಬಿಡುವುದು ಚೈತ್ರದಲ್ಲೋ ವೈಶಾಖದಲ್ಲೋ, ಅದು ಇತ್ಯರ್ಥವಾಗುವವರೆಗೆ ಮೊದಲ ಅಕ್ಷರ ಹೇಗೆ ಇಡುವುದು?

‘ಯಾವುದಾದ್ರೂ ಒಂದು ಹಾಕ್ರೀ’ ಎಂದಳು ರತ್ನ. ‘ಎಂಬತ್ತು ಗಂಟೆ ಎಲ್ಲರೂ ಅವನನ್ನ ಅದೇ ಹೆಸರಲ್ಲಿ ಕರೀಬೇಕು ಕಣೇ, ಯಾವುದಾದ್ರೂ ಅಂದ್ರೆ ಆಗಲ್ಲ’ ಎಂದೆ. ಇವತ್ತಿಗೆ ಐದನೇ ದಿನ. ಬೆಳೆ ತೆಗೆದ ಮೇಲೆ ಹುಳುಮನೆ ತೊಳೆದು ಖಾಲಿ ಬಿಟ್ಟಿರುವುದರಿಂದ ರತ್ನಳಿಗೂ ಬಿಡುವು. ನಾನು ಪಂಚಾಂಗ ನೋಡುವ ಹೊತ್ತಿನಲ್ಲಿ ಸುಮ್ಮನೆ ಕೂರಲಾರದೆ ಅವಳು ನನ್ನ ಡಿಸ್ಕ್ ಹಾಕಿದಳು. ಆಟ ಮೊದಲು ತೋರಿಸಿದ ಹಸಿ ಮುಖವನ್ನೇ ಮರುಮಾತಾಡದೆ ಒಪ್ಪಿಕೊಂಡಳು, ಮುದುಕ ಕೊಟ್ಟ ಬೋಗುಣಿಯನ್ನು ತಲೆಗೆ ಹಾಕಿದಳು, ನೆಟ್ಟಗೆ ಅರಮನೆಗೆ ಹೋದಳು. ನಿನ್ನೆ ಸಂಜೆ ಆ ರಾಜ್ಯ ಅವಳ ಕೈಗೆ ಬಂತು. ಸಿಂಹಾಸನದ ಮೇಲೆ ಕೂತ ಆ ವೀರನ ಮೂಗನ್ನು ನಾನು ಹತ್ತಿರ ಹೋಗಿ ನೋಡಿದೆ. ಮುಟ್ಟಿಯೇ ಇಲ್ಲ, ಆದರೂ ಪರವಾಗಿಲ್ಲ, ಚೆನ್ನಾಗಿಯೇ ಇದೆ. ಇರಲಿ. ಹೆಸರಿನ ವಿಷಯದಲ್ಲಿ ಮಾತ್ರ ನಾನು ಅವಸರ ಮಾಡುವವನಲ್ಲ.