ಅಡ್ಡಿಯೇನೂ ಇಲ್ಲ

ನಮ್ಮ ದೊಡ್ಡಪ್ಪ ಬಾಯಿ ತೆರೆಯುತ್ತಾರೆ ಅಂದರೆ ಸಾಕು, ಹಾಸನದ ನಮ್ಮ ಕ್ರೈಸ್ತರ ಮನೆಗಳಲ್ಲಿ ಮದುವೆಗೆ ಬಂದ ಮಕ್ಕಳಿದ್ದವರೆಲ್ಲ ದೇವರನ್ನು ನೆನೆಯುತ್ತಿದ್ದರು. ಅವರು ಸುಳ್ಳು ಹೇಳುತ್ತಾರೆ ಅಂತಲ್ಲ. ಹೇಳುವುದಿಲ್ಲವಲ್ಲ, ಭಯ ಅದಕ್ಕೇ!

ದೊಡ್ಡಪ್ಪ ಬಡಗಿ. ಕ್ರಿಸ್ತನನ್ನು ನಂಬಿದವನ ಮಾತು ಹೌದಾದರೆ ಹೌದು, ಇಲ್ಲವಾದರೆ ಇಲ್ಲ ಅಂತಿರಬೇಕು ಅನ್ನೋದು ಅವರ ಹಟ. ಒಂದು ಸಲ ಮನೆಯ ಹಸು ಮಾರೋಣ ಅಂತ ಅಪ್ಪ ದಂಡಿಗನಹಳ್ಳಿಯ ಗೌಡರೊಬ್ಬರನ್ನು ಕರೆತಂದರು. ಗೌಡರು ಹಸುವಿನ ಬೆನ್ನು ಸವರುತ್ತಿದ್ದ ಹಾಗೇ ದೊಡ್ಡಪ್ಪ ಶುರು ಮಾಡಿದರು. "ಒದೀತದೆ ಗೌಡ್ರೇ. ಹಾಲೂ ಅಷ್ಟಕ್ಕಷ್ಟೆ. ಹಗ್ಗ ಕಿತ್ಕೊಂಡು ಓಗೋ ಚಾಳಿ ಬ್ಯಾರೆ ಐತೆ." ಗೌಡರು ಕೈ ತೆಗೆದು ಅಪ್ಪನ ಕಿವಿಯಲ್ಲಿ, "ಇಷ್ಟು ಹೇಳೋರು ಹೇಳ್ದೆ ಮಡಿಕ್ಕಂಡಿರೋದು ಇನ್ನೆಷ್ಟಿರಬೇಕು ಸಾ?" ಅಂತ ಕೇಳಿ ಊರಿನ ದಾರಿ ಹಿಡಿದರು. ಆ ಹಸು ಮುಂದೆ ನಮ್ಮನೆಯವರನ್ನೆಲ್ಲ ಒದ್ದುಕೊಂಡು ನಮ್ಮಲ್ಲೇ ಮುದಿಯಾಯಿತು.

ಹಸುವಿನ ಕಥೆ ಹಾಗಿರಲಿ. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಪ್ರಕಟಣೆ ಓದಬೇಕು. ಇಂಥವನಿಗೂ ಇಂಥವಳಿಗೂ ಮದುವೆ ನಿಶ್ಚಯವಾಗಿದೆ, ಯಾರಿಗಾದರೂ ಅಡ್ಡಿಯಿದ್ದರೆ ತಿಳಿಸಿ ಎಂದು ಪಾದ್ರಿ ಅಯ್ಯನವರು ಕೇಳುತ್ತಾರೆ. ಸಭೆ ಸುಮ್ಮನಿರುತ್ತದೆ. ಎಲ್ಲರೂ ಬಾಯಿಗೆ ಬೀಗ ಹಾಕಿಕೊಂಡಿರಬೇಕಾದ ಆ ಗಳಿಗೆಯಲ್ಲಿ ಒಂದು ಭಾನುವಾರ ನಮ್ಮ ದೊಡ್ಡಪ್ಪ ಎದ್ದು ನಿಂತರು.

"ಅಡ್ಡಿ ಅಂತಲ್ಲ ಅಯ್ಯನೋರೇ. ಹುಡ್ಗ ಗೊರಕೆ ಹೊಡೀತಾನೆ. ಗೊರೂರಿಗೆ ಮರಗೆಲಸಕ್ಕೆ ಓಗಿದ್ದಾಗ ಜತೇಲಿ ಮಲಗಿದ್ದೆ, ನಿದ್ದೆ ಬರಲಿಲ್ಲ. ಕೇಳಿದಿರಲ್ಲ, ಅದಕ್ಕೇ ಹೇಳಿದೆ."

ಹುಡುಗಿಯ ಅಜ್ಜಿ ಕೂತಲ್ಲಿಂದಲೇ, "ಅಷ್ಟೇನಾ? ಕುಡೀತಾನೆ ಅಂತೀಯೇನೋ ಅಂದ್ಕಂಡೆ. ನೀವು ಮುಂದಕ್ಕೋದಿ ಅಯ್ಯನೋರೇ" ಅಂದರು. ಮದುವೆಯೇನೋ ಆಯಿತು. ಆ ಹುಡುಗ ಮಾತ್ರ ಬಹಳ ದಿನ ತಲೆ ತಗ್ಗಿಸಿಕೊಂಡೇ ಚರ್ಚಿಗೆ ಬರುತ್ತಿದ್ದ, ಪಾಪ. ಅಯ್ಯನವರು ದೊಡ್ಡಪ್ಪನನ್ನು ಬಾಗಿಲಲ್ಲಿ ನಿಲ್ಲಿಸಿ, "ನಿಜವೇ ಹೇಳಿದಿರಿ. ಅದು ಯಾರಿಗೆ ಬೇಕಾಗಿತ್ತು?" ಎಂದು ಕೇಳಿದರಂತೆ. ದೊಡ್ಡಪ್ಪ ದಾರಿಯುದ್ದಕ್ಕೂ ಆ ಮಾತನ್ನೇ ಮೆಲುಕು ಹಾಕುತ್ತ ಮನೆಗೆ ಬಂದರು.

ಇನ್ನು ನನ್ನ ಸರದಿ. ಏಳನೇ ವಯಸ್ಸಿನಲ್ಲಿ ಜ್ವರ ಬಂದು ನನ್ನ ಎಡಗಿವಿ ಹೋಗಿತ್ತು. ಚನ್ನರಾಯಪಟ್ಟಣದ ಮೇಷ್ಟ್ರೊಬ್ಬರು ನನ್ನನ್ನು ನೋಡಲು ಬಂದಾಗ ಅಮ್ಮ ನನ್ನ ಎಡಕ್ಕೇ ಅಂಟಿಕೊಂಡು ಕೂತು ಸಂಭಾಳಿಸಿದಳು. ನನಗೆ ಮನಸ್ಸು ಒಪ್ಪಲಿಲ್ಲ. ಹೇಳಿಬಿಡೋಣ ಅಂದರೆ, "ಸುಮ್ನಿರೇ. ಮದುವೆಯಾದ ಮೇಲೆ ಎರಡೂ ಕೇಳದಿದ್ರೇನೇ ವಾಸಿ" ಅಂದಳು. ಎರಡು ಸಂಬಂಧ ಆಗಲೇ ಆ ಕಿವಿಯಿಂದಲೇ ತಪ್ಪಿದ್ದವು. ಇದೂ ತಪ್ಪಿದರೆ ಮುಂದೆ ಯಾರೂ ಬರುವುದಿಲ್ಲ ಅಂತ ನನಗೂ ಹೆದರಿಕೆ.

ಮೇಷ್ಟ್ರು ಒಪ್ಪಿ ಮದುವೆ ಗೊತ್ತಾಯಿತು. ಹಾಗಾಗಿ ಪ್ರಕಟಣೆಯ ಭಾನುವಾರಗಳಲ್ಲಿ ದೊಡ್ಡಪ್ಪ ಊರಲ್ಲಿರಕೂಡದು. ಮೊದಲನೆಯದಕ್ಕೆ ಅಪ್ಪ, "ಅರಕಲಗೂಡಲ್ಲಿ ಒಳ್ಳೇ ಹಲಸಿನ ಮರ ಐತಂತೆ, ನೋಡ್ಕಂಡ್ ಬಾ" ಎಂದು ಅಟ್ಟಿದರು. ದೊಡ್ಡಪ್ಪ ವಾಪಸು ಬಂದು, "ಮರ ಐತೆ. ಒಳ್ಳೇದಲ್ಲ" ಅಂದರು. ಎರಡನೆಯದಕ್ಕೆ ಹೊಳೆನರಸೀಪುರದ ಅತ್ತೆಗೆ ಹುಷಾರಿಲ್ಲ ಅಂತ ಕಳಿಸಿದ್ದಾಯಿತು. "ಗುಂಡುಕಲ್ಲಂಗವಳೆ" ಅಂತ ಹೇಳಿಕೊಂಡು ಒಂದು ದಿನ ತಡವಾಗಿ ಬಂದರು. ಯಾಕೆ ತಡ ಅಂತ ಯಾರೂ ಕೇಳಲಿಲ್ಲ. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸು; ಹೊತ್ತಿಗೆ ಸರಿಯಾಗಿ ಬಂದಿದ್ದರೆ ಕೇಳಬೇಕಾಗಿತ್ತು.

ಮೂರನೆಯ ಭಾನುವಾರಕ್ಕೆ ಅಪ್ಪನ ಹತ್ತಿರ ನೆಪವೇ ಉಳಿದಿರಲಿಲ್ಲ. ಅಯ್ಯನವರು ಅಡ್ಡಿಯಿದೆಯೇ ಎಂದು ಕೇಳಿ, ಕನ್ನಡಕದ ಮೇಲಿನಿಂದ ನೇರ ದೊಡ್ಡಪ್ಪನನ್ನೇ ನೋಡಿದರು. ದೊಡ್ಡಪ್ಪ ಎದ್ದರು. ಅಮ್ಮ ನನ್ನ ಕೈ ಹಿಂಡಿದಳು.

"ಅಡ್ಡಿಯೇನೂ ಇಲ್ಲ" ಅಂದರು, ಕೂತರು.

ಅಮ್ಮ ಕಣ್ಣು ಮುಚ್ಚಿ ಸ್ತೋತ್ರ ಹೇಳಿದಳು. ನನಗೆ ಮಾತ್ರ ಅಳು ಬಂತು. ಜೀವಮಾನದಲ್ಲಿ ಸುಳ್ಳಾಡದವರು ನನಗೋಸ್ಕರ ದೇವರ ಮುಂದೆ ಸುಳ್ಳಾಡಿದರಲ್ಲ ಅಂತ.

ಮದುವೆಯಾಗಿ ಚನ್ನರಾಯಪಟ್ಟಣಕ್ಕೆ ಹೋದೆ. ಹೊರಗೆ ಹೊರಟಾಗಲೆಲ್ಲ ನಮ್ಮೆಜಮಾನರು ಸುತ್ತಿ ಬಂದು ನನ್ನ ಬಲಕ್ಕೇ ನಡೆಯುತ್ತಿದ್ದರು. ಕೆಲವು ದಿನ ನೋಡಿ, ತಡೆಯಲಾರದೆ, ಯಾಕೆ ಅಂತ ಕೇಳಿದೆ.

"ನಿಮ್ಮ ದೊಡ್ಡಪ್ಪ ಹೇಳಿದ್ದರಲ್ಲ" ಅಂದರು. "ಹೊಳೆನರಸೀಪುರದಿಂದ ನೇರ ಇಲ್ಲಿಗೇ ಬಂದಿದ್ದರು. 'ನಮ್ ಮಗೀಗೆ ಎಡಗಿವಿ ಕೇಳ್ಸಲ್ಲ. ಇದು ನಿಮಗೆ ಗೊತ್ತಿರಬೇಕಾದ್ದು, ಸಭೆಗಲ್ಲ. ಬ್ಯಾಡ ಅನ್ನಂಗಿದ್ರೆ ನಂಗೇ ಹೇಳ್ಬುಡಿ, ಸಂಬಂಧ ಮುರಿದೋನು ನಾನೇ ಅಂತ ಊರೆಲ್ಲ ಬೈಲಿ, ಬೈಸ್ಕತೀನಿ. ಆಗ್ತೀನಿ ಅಂದ್ರೆ ಬಲಗಡೆ ನಡೀರಿ' ಅಂದರು. ಅಡ್ಡಿಯೇನೂ ಇಲ್ಲ ಅಂದೆ."

ಮುಂದಿನ ಸಲ ಹಾಸನಕ್ಕೆ ಹೋದಾಗ ದೊಡ್ಡಪ್ಪನ ಮೇಲೆ ಜಗಳಕ್ಕೇ ನಿಂತೆ. ಸುಳ್ಳು ಹೇಳಿದಿರಿ ಅಂತ ನಾನು ಎಷ್ಟು ಅತ್ತೆ, ನನಗ್ಯಾಕೆ ಹೇಳಲಿಲ್ಲ?

"ನೀನು ಕೇಳಲಿಲ್ಲವಲ್ಲವ್ವಾ" ಅಂದರು ದೊಡ್ಡಪ್ಪ, ಮೆಲ್ಲಗೆ. ಅಷ್ಟು ಮೆಲ್ಲಗೆ ಆಡಿದ್ದೂ ನನಗೆ ಕೇಳಿಸಿತು. ಜಗುಲಿಯ ಮೇಲೆ ಅವರು ಕೂತಿದ್ದದ್ದು ನನ್ನ ಬಲಗಡೆ. ಆ ಜ್ವರ ಬಿಟ್ಟ ದಿನದಿಂದಲೂ ಅವರು ಅಲ್ಲೇ ಕೂರುತ್ತಿದ್ದರು.