ಅರಳು ಹಾಕುವ ಅಣ್ಣ

ನಾನು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಇಪ್ಪತ್ತೆಂಟು ವರ್ಷ ಕುಟುಂಬ ಯೋಜನೆಯ ಪ್ರಚಾರದ ವ್ಯಾನಿನಲ್ಲಿ ಕೂತು, ಮಕ್ಕಳು ಕಡಿಮೆಯಾದಷ್ಟೂ ಸುಖ ಹೆಚ್ಚು ಎಂದು ಮೈಕಿನಲ್ಲಿ ಗಂಟಲು ಹರಿದುಕೊಂಡವನು ನಾನು. ಬರೀ ಬಾಯಿಮಾತಲ್ಲ. ಒಬ್ಬಳೇ ಮಗಳು ವಿನುತಾಗೆ ನಿಲ್ಲಿಸಿ, ಅದಕ್ಕೆಂದು ಸರ್ಕಾರ ಕೊಡುವ ವಿಶೇಷ ಇನ್‌ಕ್ರಿಮೆಂಟನ್ನೂ ಪಡೆದೆ. ನನ್ನ ಕೊರೆತ ತಾಳಲಾರದೆ ತಮ್ಮನೂ ಒಬ್ಬಳೇ ಮಗಳಿಗೆ ನಿಲ್ಲಿಸಿದ, ಹೆಂಡತಿಯ ತಂಗಿ, ನನ್ನ ನಾದಿನಿಯೂ ಅಷ್ಟೇ. ಸಂಸಾರ ಚಿಕ್ಕದಾದದ್ದರಿಂದಲೇ ನನ್ನಂಥ ಸಣ್ಣ ನೌಕರ ವಿಜಯನಗರದಲ್ಲಿ ಎರಡಂತಸ್ತಿನ ಮನೆ ಕಟ್ಟಲು ಸಾಧ್ಯವಾಯಿತು. ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ.

ಅಷ್ಟರಲ್ಲಿ ವಿನುತಾಳ ಮದುವೆ ಗೊತ್ತಾಯಿತು. ಆಗ ನಮ್ಮ ಕಡೆ ಮೆಟ್ರೋ ಕಂಬಕ್ಕೆ ಗುಂಡಿ ತೋಡುತ್ತಿದ್ದರು. ಧೂಳು ಒರೆಸಿಕೊಳ್ಳುತ್ತಾ ಬಂದ ಪುರೋಹಿತರು ಸಾಮಾನಿನ ಪಟ್ಟಿ ಬರೆಸಿ, ಕೊನೆಯಲ್ಲಿ, "ಹೋಮದ ಹೊತ್ತಲ್ಲಿ ಹುಡುಗಿ ಕೈಗೆ ಅರಳು ಹಾಕೋಕೆ ಅಣ್ಣನೋ ತಮ್ಮನೋ ಬೇಕು. ಯಾರಿದಾರೆ?" ಎಂದರು.

"ನನ್ನ ತಂಗಿ ಮಗ ಇದಾನಲ್ಲ!" ಎಂದೆ, ಗೆದ್ದವನ ಹಾಗೆ.

ಪುರೋಹಿತರು ಕನ್ನಡಕ ತೆಗೆದರು. "ಏನ್ ಸ್ವಾಮಿ, ಸೋದರತ್ತೆ ಮಗ ವರಸೇಲಿ ಗಂಡ ಆಗ್ಬೇಕಾದೋನು. ಅವನ್ನ ತಂದು ಅಣ್ಣ ಅಂತ ನಿಲ್ಲಿಸ್ತೀರಾ? ಬೀಗರು ಎದ್ದು ಹೋಗ್ತಾರೆ, ಅಷ್ಟೆ."

ನಾಚಿಕೆಯಿಂದ ಸತ್ತು ಹೋದೆ. ಹೆಂಡತಿಯ ಅಣ್ಣನ ಮಗನದೂ ಅದೇ ವರಸೆ. ಅಣ್ಣ ಎನಿಸಿಕೊಳ್ಳಬೇಕಾದರೆ ನನ್ನ ತಮ್ಮನಿಗೋ ನಾದಿನಿಗೋ ಗಂಡು ಹುಟ್ಟಬೇಕಿತ್ತು, ಅವರನ್ನು ತಡೆದವನು ನಾನೇ. ದಾಯಾದಿಗಳಲ್ಲಿ ಹುಡುಗರಿದ್ದಾರೆ, ಆದರೆ ಜಮೀನಿನ ಜಗಳವಾದ ಮೇಲೆ ಅವರ ಮುಖ ನೋಡಿ ಹದಿನೈದು ವರ್ಷವಾಯಿತು.

"ಮೈಕಲ್ಲಿ ಅಷ್ಟು ವರ್ಷ ಕೂಗಿದ್ರಲ್ಲ, ಈಗ್ಲೂ ಕೂಗ್ಕೊಂಡು ಬನ್ನಿ, ಒಬ್ಬ ಅಣ್ಣ ಬೇಕಾಗಿದಾನೆ ಅಂತ," ಎಂದಳು ನನ್ನ ಹೆಂಡತಿ ಸಾವಿತ್ರಿ.

ವಿನುತಾ ಮೊದಲು ನಕ್ಕಳು. "ಬಿಡಪ್ಪಾ, ಅಣ್ಣ ಇಲ್ದಿದ್ರೆ ಮದ್ವೆ ನಿಂತೋಗತ್ತಾ?" ಎಂದಳು. ಆಮೇಲೆ ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ, "ಆದ್ರೆ ನೀವಿಬ್ರೂ ಇಲ್ಲದ ಕಾಲಕ್ಕೆ ನಾನು ಬಂದ್ರೆ, ಬಾಗಿಲು ತೆಗೆಯೋರು ಯಾರಪ್ಪಾ?" ಎಂದುಬಿಟ್ಟಳು. ಅಳಿಯನೂ ಒಬ್ಬನೇ ಮಗ. ನಾಲ್ಕು ಮುದಿ ಜೀವಗಳಿಗೆ ಈ ಎರಡೇ ಮಕ್ಕಳು. ನಾವು ಹೋದ ಮೇಲೆ ಅವಳಿಗೆ ತವರು ಅಂತ ಏನುಳಿಯುತ್ತದೆ? ಎರಡು ದಿನ ಅನ್ನ ಸೇರಲಿಲ್ಲ.

ಮೂರನೆಯ ದಿನ ಪುರೋಹಿತರಿಗೆ ಫೋನು ಮಾಡಿದೆ. "ರಕ್ತಸಂಬಂಧಾನೇ ಆಗ್ಬೇಕು ಅಂತಿಲ್ಲ. ಅಣ್ಣ ಅಂತ ಮನಸಾರೆ ನಿಲ್ಲೋನಾದ್ರೆ ಸಾಕು. ಕಾಟಾಚಾರಕ್ಕೆ ಮಾತ್ರ ಬೇಡ," ಎಂದರು. ಹಾಗೆ ನಿಲ್ಲುವವನು ಯಾರೆಂದು ಯೋಚಿಸಿದರೆ, ಮಹಡಿ ಮೇಲಿನ ಬಾಡಿಗೆದಾರ ಮಲ್ಲಪ್ಪನ ಮುಖವೇ ಕಣ್ಣ ಮುಂದೆ ಬಂತು. ಬಾಗಲಕೋಟೆ ಕಡೆಯವನು. ಕರೆಂಟು ಹೋದರೂ ಗ್ಯಾಸು ಮುಗಿದರೂ ವಿನುತಾ ಕೂಗುತ್ತಿದ್ದುದು ಅವನನ್ನೇ. ಗಂಡಹೆಂಡತಿ ಇಬ್ಬರೇ ಎಂದು ಮನೆ ಹಿಡಿದವನು, ಅವ್ವ, ತಂಗಿಯರು, ಮಕ್ಕಳು ಎಂದು ಒಂದೇ ವರ್ಷದಲ್ಲಿ ಎಂಟು ಜನರನ್ನು ತುಂಬಿದ್ದ. ಬೆಳಿಗ್ಗೆ ಏಳಕ್ಕೇ ನೀರಿನ ಟ್ಯಾಂಕು ಖಾಲಿ. ತಿಂಗಳ ಕೊನೆಗೆ ಮನೆ ಬಿಡು ಎಂದು ಹಿಂದಿನ ವಾರವಷ್ಟೇ ಕೂಗಾಡಿದ್ದೆ. ಈಗ ಯಾವ ಮುಖ ಹೊತ್ತು ಮೆಟ್ಟಿಲು ಹತ್ತಲಿ? ಆದರೂ ಹತ್ತಿದೆ.

ವಿಷಯ ಕೇಳಿ ಮಲ್ಲಪ್ಪ ನಕ್ಕ. "ಆತ್ರಿ ಸರ್. ನಂಗ ನಾಕು ಮಂದಿ ತಂಗ್ಯಾರದಾರ, ವಿನುತಾ ಐದನೇದಾಕಿ. ಆದ್ರ ಒಂದ ಮಾತ್ರಿ. ನಾಳೆ ಆಕಿ ಹಬ್ಬಕ್ಕ ಬಂದು, ಅಣ್ಣ ಎಲ್ಲಿ ಅಂತ ಕೇಳಿದ್ರ, ಮನಿ ಬಿಡ್ಸಿ ಓಡ್ಸೀನಿ ಅಂತೀರೇನು?"

ಮನೆ ಬಿಡು ಎಂದಿದ್ದ ಮಾತನ್ನು ಅಲ್ಲೇ ವಾಪಸು ತೆಗೆದುಕೊಂಡೆ. ಮದುವೆಯ ದಿನ ಅವನು ರೇಷ್ಮೆ ಪಂಚೆಯುಟ್ಟು, ತಂಗಿಯ ಬೊಗಸೆಗೆ ಅರಳು ಸುರಿದು, ನನಗಿಂತ ಮೊದಲೇ ಅತ್ತ. ಗೌರಿ ಹಬ್ಬಕ್ಕೆ ನಂದಿನಿ ಲೇಔಟಿನ ಅವಳ ಮನೆಗೆ ಬಾಗಿನ ಹೊತ್ತುಕೊಂಡು ಹೋದವನೂ ಅವನೇ. ವಿನುತಾ ಈಗ ತವರಿಗೆ ಬಂದರೆ ಚಪ್ಪಲಿ ಬಿಡುವುದು ಕೆಳಗೆ, ಊಟ ಮಾಡುವುದು ಮೇಲೆ.

ಎಲ್ಲಾ ಸುಸೂತ್ರವಾಯಿತು ಎನ್ನುವಷ್ಟರಲ್ಲಿ, ಮೊನ್ನೆ ಮಲ್ಲಪ್ಪ ತಲೆ ಕೆರೆದುಕೊಳ್ಳುತ್ತಾ ಬಂದ. "ಸರ್, ಮಂದಿ ಹೆಚ್ಚಾಗಿ ಮನಿ ಸಾಲವಲ್ದು. ಕೆಂಗೇರಿ ಕಡೆ ದೊಡ್ಡದೊಂದು ನೋಡೀನ್ರಿ," ಎಂದ.

"ಏನಪ್ಪಾ ಹೀಗಂತೀಯಾ? ಕೆಳಗಿನ ಮೂರು ರೂಮು ನೀವು ತಗೊಳ್ಳಿ. ನಾವಿಬ್ರೂ ಮೇಲಕ್ಕೆ ಹೋಗ್ತೀವಿ. ನೀರು ನಮಗೆ ಒಂದು ಬಕೆಟ್ ಸಿಕ್ಕಿದ್ರೂ ಸಾಕು," ಎಂದೆ.

"ಅವ್ವನ್ನ ಕೇಳಿ ಹೇಳ್ತೀನ್ರಿ" ಎಂದು ಹೋಗಿದ್ದಾನೆ. ಅವನ ಅವ್ವ ಏನನ್ನುತ್ತಾಳೋ ಎಂದು ಮೂರು ದಿನದಿಂದ ಮೆಟ್ಟಿಲ ಬುಡದಲ್ಲೇ ಕೂತಿದ್ದೇನೆ.