ಗಂಗಪ್ಪನ ಮುಡಿ, ಓಬಣ್ಣನ ತಲೆ

ಗಂಗಪ್ಪನ ತಲೆಯ ಮೇಲೆ ಒಂದು ಹಿಡಿ ಕೂದಲು ಉಳಿದಿದ್ದರೆ ಆ ಭಾನುವಾರ ಓಬಣ್ಣ ಗೆಳೆಯನ ಮನೆಯ ಕಟ್ಟೆಯ ಮೇಲೆ ತನ್ನ ಪಾಡಿಗೆ ಮಂಡಕ್ಕಿ ಮೆಣಸಿನಕಾಯಿ ತಿಂದುಕೊಂಡು ಇರುತ್ತಿದ್ದ. ಕೂದಲು ಉಳಿಯಲಿಲ್ಲ. ದೊಡ್ಡಾಸ್ಪತ್ರೆಯ ಮೂರು ಸುತ್ತಿನ ಇಂಜೆಕ್ಷನ್ನಿಗೆ ಅದಷ್ಟೂ ತಲೆದಿಂಬಿನ ಪಾಲಾಗಿತ್ತು.

ಇಬ್ಬರಿಗೂ ಶ್ವಾಸಕೋಶದ ಕ್ಯಾನ್ಸರ್. ಹರಪನಹಳ್ಳಿಯ ಪೋಸ್ಟ್‌ಮನ್ ಗಂಗಪ್ಪನದು ಹನ್ನೊಂದನೇ ಹಾಸಿಗೆ; ಕೊಟ್ಟೂರಿನ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ಓಬಣ್ಣನದು ಹನ್ನೆರಡನೆಯದು. ಪರಿಚಯವಾದದ್ದೇ ಅಲ್ಲಿ. ಓಬಣ್ಣನ ಎದೆಗೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದರು. ಆ ಮಿಷನ್ನಿನ ಕೋಣೆಯಲ್ಲಿ ಒಬ್ಬನೇ ಮಲಗುವುದೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತಿತ್ತು. ಗಂಗಪ್ಪ ಬಾಗಿಲಾಚೆ ನಿಂತು, ಟಪಾಲು ವಿಂಗಡಿಸುವವನಂತೆ “ಚಿಗಟೇರಿ, ಹೊಳಲು, ತಂಬ್ರಹಳ್ಳಿ” ಎಂದು ಊರುಗಳ ಹೆಸರು ಕೂಗುತ್ತಿದ್ದ. ಹೊರಗೆ ತನ್ನವನೊಬ್ಬ ಇದ್ದಾನೆಂದು ಒಳಗಿನವನಿಗೆ ಗೊತ್ತಾದರೆ ಸಾಕಿತ್ತು. ಗಂಗಪ್ಪ ವಾಂತಿ ಮಾಡುವಾಗ ಡಬ್ಬಿ ಹಿಡಿಯುವುದು ಓಬಣ್ಣನ ಪಾಳಿ. ಕರೆಂಟು ಓಬಣ್ಣನ ಕೂದಲನ್ನು ಮುಟ್ಟಿರಲಿಲ್ಲ. ಐವತ್ತರ ಹತ್ತಿರವೂ ಅವನ ಕ್ರಾಪು, ಮೀಸೆ ಎಣ್ಣೆ ಕುಡಿದು ಮಿಂಚುತ್ತಿದ್ದವು. ಆ ವಿಷಯದಲ್ಲಿ ಅವನಿಗೆ ಸ್ವಲ್ಪ ಜಂಬವೂ ಇತ್ತು.

ಕಡೆಯ ಇಂಜೆಕ್ಷನ್ ಸೋಮವಾರ. ತಪ್ಪಿಸಿದರೆ ಕರಗಿದ ಗಡ್ಡೆ ಮತ್ತೆ ಬೆಳೆಯುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಜೊತೆಗೆ ಹೋಗಲೆಂದು ಭಾನುವಾರ ಬೆಳಗ್ಗೆ ಓಬಣ್ಣ ಹರಪನಹಳ್ಳಿಗೆ ಬಂದಿಳಿದರೆ, ಗಂಗಪ್ಪ ಗೋಡೆಗೆ ಮುಖ ಮಾಡಿ ಮಲಗಿದ್ದ.

“ನಾ ಬರಂಗಿಲ್ಲ, ಓಬಣ್ಣ.”

ಹೆಂಡತಿ ಕನಕಮ್ಮ ಕಣ್ಣೊರೆಸಿಕೊಳ್ಳುತ್ತ ವಿಷಯ ತಿಳಿಸಿದಳು. ಮೂರು ಸೂಜಿ ಮುಗಿಸಿ ಗಂಡ ನಡೆದುಕೊಂಡು ಮನೆಗೆ ಬಂದರೆ ಅವನ ಮುಡಿ ಕೊಡಿಸುತ್ತೇನೆಂದು ಅವಳು ಓಣಿಯ ಉಚ್ಚಂಗೆಮ್ಮನಿಗೆ ಹರಕೆ ಹೊತ್ತಿದ್ದಳು. ಗಂಡ ನಡೆದುಕೊಂಡೇ ಬಂದ, ಕೂದಲು ಬರಲಿಲ್ಲ. ಈಗ ನೆತ್ತಿಯ ಮೇಲೆ ಒಂದಿಷ್ಟು ನವಿರು ಮೂಡಿತ್ತು. ನಾಳೆ ಚುಚ್ಚಿಸಿಕೊಂಡರೆ ಅದೂ ಹೋಗುವುದಿತ್ತು.

“ದೇವಿ ಪಾಲು ಡಾಕ್ಟರ್ ತಗಂಡ,” ಎಂದ ಗಂಗಪ್ಪ. “ಅಕಿಗೆ ಕೊಡದ ಇನ್ನೊಂದು ಸೂಜಿ ಚುಚ್ಚಿಸ್ಕಂಡ್ರ ಮೈಗೆ ಹತ್ತತೈತೇನು? ಕೂದಲ ಬರಲಿ, ಮುಡಿ ಕೊಟ್ಟು ಆಮ್ಯಾಲೆ ಹೋಗಾನ.”

“ಅಲ್ಲೀತನ ಗಡ್ಡಿ ಸುಮ್ನ ಕುಂದ್ರತೈತಾ?”

“ದೇವಿ ಮನಸ್ಸು ಮಾಡಿದ್ರ ಕುಂದ್ರತೈತಿ.”

ಮಗ ಹುಲುಗಪ್ಪ ತನ್ನ ತಲೆ ಕೊಡುತ್ತೇನೆಂದು ಆಗಲೇ ಮುಂದೆ ಬಂದಿದ್ದ. ಅವನನ್ನು ತಡೆದವಳು ಪಕ್ಕದ ಮನೆಯ ಚೌಡಕ್ಕ. ಓಣಿಯಲ್ಲಿ ಯಾರ ಮನೆಗೆ ಏನಾದರೂ ಚೌಡಕ್ಕನನ್ನು ಕೇಳಲು ಹೋಗಬೇಕಾಗಿರಲಿಲ್ಲ, ಅವಳೇ ಬಂದು ಹೇಳುತ್ತಿದ್ದಳು.

“ತಂದಿ ಹಾಸಿಗ್ಯಾಗ ಇದ್ದಾಗ ಮಗ ತಲಿ ಬೋಳಿಸಿದ್ರ ಕಂಡೋರು ಏನಂತಾರ?” ಎಂದು ಅವಳು ಓಬಣ್ಣನಿಗೂ ತಿಳಿಯಹೇಳಿದಳು. “ಒಡಹುಟ್ಟಿದೋನು ಕೊಡಬೇಕ್ರಿ, ಇವ್ನಿಗೆ ಯಾರೂ ಇಲ್ಲ. ಹೋಗ್ಲಿ, ಇವ್ರ ಕುಲದ ಹುರುಳಿ ಬೆಡಗಿನ ಅಣ್ಣತಮ್ಮ ಯಾರಾರ ಒಬ್ಬ ಕೊಟ್ರೂ ನಡೀತಿತ್ತು. ಈ ಊರಾಗ ಆ ಬೆಡಗಿನೋರ್ದು ಇದೊಂದ ಮನಿ.”

ಓಬಣ್ಣ ಗೆಳೆಯನ ಬೆನ್ನು ನೋಡಿದ. ಅಂಗಿಯ ಮೇಲಿನಿಂದಲೇ ಎಲುಬು ಕಾಣುತ್ತಿದ್ದವು.

“ನಮ್ದೂ ಹುರುಳಿ ಬೆಡಗ,” ಎಂದುಬಿಟ್ಟ. ಅವನದು ಬೆಳ್ಳಿ ಬೆಡಗು.

ಗಂಗಪ್ಪ ಮಗ್ಗುಲು ಬದಲಿಸಿದ. “ನಾಕು ತಿಂಗಳಾತು, ಒಂದಿನಾನೂ ಹೇಳ್ಲಿಲ್ಲಲ್ಲೋ.”

“ನೀ ಕೇಳ್ಲಿಲ್ಲ.”

ಚೌಡಕ್ಕನಿಗೆ ಸಂಭ್ರಮವೋ ಸಂಭ್ರಮ. ಮುಡಿ ಕೊಡುವವನು ಹಸಿದಿರಬಾರದೆಂದು ತಾನೇ ಓಬಣ್ಣನ ಚೀಲದಿಂದ ಬುತ್ತಿ ತೆಗೆದಳು. ತಾಯಿಯಿಲ್ಲದ ಮನೆ ನಡೆಸುವ ಅವನ ಮಗಳು ಮಾರೆಮ್ಮ ಅಪ್ಪನಿಗೆ ಪ್ರೀತಿಯೆಂದು ರೊಟ್ಟಿಯ ಜೊತೆ ಹುರುಳಿಕಾಳಿನ ಪಲ್ಯ ಕಟ್ಟಿದ್ದಳು.

“ಹುರುಳಿ ಬೆಡಗಿನೋರು ಹುರುಳಿ ಮುಟ್ಟಂಗಿಲ್ಲಲ್ರಿ,” ಎಂದಳು ಚೌಡಕ್ಕ.

“ಬಸ್ಸಿನ್ಯಾಗ ಬುತ್ತಿ ಅದಲು ಬದಲಾಗೈತಿ.”

“ಬಟ್ಟಿಮ್ಯಾಲೆ ದಾರದಾಗ ‘ಓಬಣ್ಣ’ ಅಂತ ಹಾಕೈತಿ.”

“ಬಟ್ಟಿ ನಂದ. ಪಲ್ಯ ಬ್ಯಾರೇರ್ದು.”

ಪಲ್ಯ ಬೀದಿನಾಯಿಯ ಪಾಲಾಯಿತು. ಅದು ಬಾಲ ಅಲ್ಲಾಡಿಸುತ್ತ ತಿನ್ನುವುದನ್ನು ನೋಡುತ್ತ ಓಬಣ್ಣ ಬರೀ ರೊಟ್ಟಿ ನುಂಗಿದ.

ಗುಡಿಯ ಮುಂದೆ ಅಷ್ಟರಲ್ಲಿ ಅರ್ಧ ಓಣಿ ಸೇರಿತ್ತು. ಪೂಜಾರಿ ಜೋಗಪ್ಪ ಓಬಣ್ಣನ ಅಂಗೈಗೆ ಅರಿಶಿನದ ಭಂಡಾರ ಹಾಕಿ, ದೇವಿಗೆ ಕೇಳುವಂತೆ ಮೂರು ಸಲ ಹೇಳು ಎಂದ.

“ಗಂಗಪ್ಪ ನಮ್ಮಣ್ಣ. ನಮ್ದು ಒಂದ ಬೆಡಗು. ಅವ್ನ ಮುಡಿ ನಾ ಕೊಡ್ತೀನಿ.”

ಮೊದಲ ಸಲ ಧ್ವನಿ ನಡುಗಿತು. ಎರಡನೆಯ ಸಲ ಕೆಮ್ಮು ಬಂತು. ಮೂರನೆಯ ಸಲ ಓಬಣ್ಣ ಕಣ್ಣು ಮುಚ್ಚಿ, ಕೂದಲು ಅಸಲಿ ಐತಿ ತಾಯಿ, ಬೆಡಗು ಒಂದು ಹೊಂದಿಸ್ಕ ಎಂದು ಒಳಗೊಳಗೇ ಬೇಡಿಕೊಂಡ.

ಕ್ಷೌರದ ಬೆನಕಪ್ಪ ಕ್ರಾಪು ಇಳಿಸಿ, ಕತ್ತಿಯನ್ನು ಮೀಸೆಯ ಕಡೆ ತಂದ.

“ಮೀಸಿ ಇರಲಿ.”

“ಮುಡಿ ಅಂದ್ಮ್ಯಾಲೆ ಅರ್ಧಕ್ಕ ನಿಲ್ಸಂಗಿಲ್ರಿ.”

ಮನೆಗೆ ಬಂದಾಗ ಕನಕಮ್ಮ ಗುರುತು ಹಿಡಿಯದೆ, ಯಾರು ಬೇಕಾಗಿತ್ತು ಎಂದು ಕೇಳಿದಳು.

ಆದರೆ ಗಂಗಪ್ಪ ಎದ್ದು ಕುಳಿತ. ಎರಡು ದಿನದಿಂದ ಏನೂ ಮುಟ್ಟದವನು ಗಂಜಿ ಕುಡಿದ. ಟವೆಲು, ಡಬ್ಬಿ, ಆಸ್ಪತ್ರೆಯ ಚೀಟಿ ಎಲ್ಲ ತಾನೇ ಚೀಲಕ್ಕೆ ತುಂಬಿದ. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕೂತಾಗ ಓಬಣ್ಣನ ಬೋಳುತಲೆಯನ್ನು ಒಮ್ಮೆ ಸವರಿದ. ಓಬಣ್ಣನಿಗೆ ಕೂದಲು ಹೋದ ದುಃಖ ಅಲ್ಲಿಗೆ ಮುಗಿಯಿತು.

“ಒಂದು ಮಾತು ಹೇಳ್ತೀನಿ,” ಎಂದ ಗಂಗಪ್ಪ. “ಕಡೀ ಸೂಜಿ ಮುಗದ ಮ್ಯಾಲೆ ನಿಮ್ಮನಿಗೆ ಬಂದು ಮಾರೆಮ್ಮನ್ನ ನಮ್ಮ ಹುಲುಗಗ ಕೇಳಬೇಕಂತಿದ್ದೆ. ಹುಡುಗಾನೂ ಹೂಂ ಅಂದಿದ್ದ. ಅದನ್ನ ನೆನಸ್ಕಂಡ ಮೂರು ಸೂಜಿ ತಡಕಂಡೆ. ಬೆಡಗು ಒಂದ ಅಂದ್ಮ್ಯಾಲೆ ಅವರಿಬ್ರೂ ಅಣ್ಣತಂಗಿ ಆದ್ರಲ್ಲ.”

ನಾಲ್ಕು ತಿಂಗಳಿಂದ ಓಬಣ್ಣನ ಎದೆಯಲ್ಲಿ ಗಡ್ಡೆಯ ಪಕ್ಕದಲ್ಲೇ ಕೂತಿದ್ದ ಆಸೆಯೂ ಅದೇ. ತಾನು ಹೋದರೆ ಮಗಳು ಆ ಮನೆಯಲ್ಲಿ ಸುಖವಾಗಿರುತ್ತಾಳೆ ಎಂದುಕೊಳ್ಳುತ್ತಿದ್ದ. ಕಾಯಿಲೆಯವನು ಸಂಬಂಧ ಕೇಳುವುದು ಹೇಗೆ ಎಂದು ನಾಚಿ ಸುಮ್ಮನಿದ್ದ. ಈಗ ‘ನಂದು ಬೆಳ್ಳಿ ಬೆಡಗು’ ಎಂದು ಒಂದು ಮಾತು ಆಡಿದರೆ ಅಳಿಯ ಮನೆಬಾಗಿಲಿಗೆ ಬರುತ್ತಾನೆ. ಆದರೆ ಮುಡಿ ಸುಳ್ಳಾಗುತ್ತದೆ, ಗಂಗಪ್ಪ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ. ಮಾತು ನಾಲಿಗೆಯ ತುದಿಯವರೆಗೆ ಬಂತು. ಓಬಣ್ಣ ಅದನ್ನು ನುಂಗಿಕೊಂಡ.

ಗೆಳೆಯನ ಮುಖ ಸಣ್ಣಗಾದದ್ದು ಕಂಡು ಗಂಗಪ್ಪನೇ ಸಮಾಧಾನ ಹೇಳಿದ. “ಬ್ಯಾಸರ ಮಾಡ್ಕಬ್ಯಾಡ. ಈಗ ನಾ ಅಕಿಗೆ ದೊಡ್ಡಪ್ಪ. ಗಂಡು ಹುಡುಕಾದು ನನ್ನ ಕೆಲಸ. ಹುಲುಗನಂಥ ಹುಡುಗ ಸಿಗಾತನ ನಾ ಎಲ್ಲೂ ಹೋಗಂಗಿಲ್ಲ.”

“ಹೂಂ, ಅಣ್ಣ,” ಎಂದ ಓಬಣ್ಣ. “ನಾಳೆ ಆರಕ್ಕ ಬಸ್ಸು. ಕಿಟಕಿ ಸೀಟು ನಿನಗ.”